ಹಿರಿಯರನ್ನು ಪ್ರೇಕ್ಷಕರಾಗಿಸಬೇಡಿ: ವೃದ್ಧಾಶ್ರಮದ ಕ್ರಿಸ್ಮಸ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ವೈದ್ಯೆಯ ಉತ್ತರ

ನವೆಂಬರ್ ಮುಗಿಯುವ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ. ಹೋದ ವರ್ಷವೂ ಉತ್ತರ ಕೊಟ್ಟಿದ್ದೆ, ಅದರ ಹಿಂದಿನ ವರ್ಷವೂ ಕೊಟ್ಟಿದ್ದೆ. ಆದರೂ ಜನವರಿ ಮೊದಲ ವಾರ ಮಂಗಳೂರಿನ ಸುತ್ತಮುತ್ತ ವೃದ್ಧಾಶ್ರಮಗಳಿಗೆ ತಪಾಸಣೆಗೆ ಹೋದರೆ ಕೆಮ್ಮು ಹಿಡಿದವರು, ಹೊಟ್ಟೆ ಕೆಟ್ಟವರು, ಶುಗರ್ ಏರಿದವರು ಸಾಲಾಗಿ ಕೂತಿರುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಪ್ರಶ್ನೆ: ನಮ್ಮ ಕಾಲೇಜಿನ 60 ವಿದ್ಯಾರ್ಥಿಗಳು ಡಿಸೆಂಬರ್ 25ರ ಸಂಜೆ 5ಕ್ಕೆ ಒಂದು ವೃದ್ಧಾಶ್ರಮಕ್ಕೆ ಹೋಗಲಿದ್ದಾರೆ. ಅಲ್ಲಿ 40 ಹಿರಿಯರಿದ್ದಾರೆ, ಕೆಲವರಿಗೆ ಮರೆವಿನ ಕಾಯಿಲೆ. ಡಾನ್ಸ್, ಕ್ಯಾರಲ್, ಸಾಂತಾ ಕ್ಲಾಸ್, ಕೇಕ್ ಎಲ್ಲ ಇದೆ. ಇನ್ನೇನು ಸೇರಿಸಬಹುದು? – ಉಪನ್ಯಾಸಕಿ, ಉಡುಪಿ

ಏನೂ ಸೇರಿಸಬೇಡಿ ಮೇಡಂ. ಇರುವುದರಲ್ಲೇ ಅರ್ಧ ತೆಗೆಯಿರಿ.

ಒಂದು ಹಾಲ್, ನೂರು ಜನ, ಎರಡು ಸ್ಪೀಕರ್. ಕಿವಿಗೆ ಮೆಷಿನ್ ಹಾಕಿಕೊಂಡವರಿಗೆ ಹಾಡು, ಚಪ್ಪಾಳೆ, ಕುರ್ಚಿ ಎಳೆಯುವ ಸದ್ದು ಎಲ್ಲ ಒಟ್ಟಿಗೆ ದೊಡ್ಡದಾಗಿ ಕೇಳುತ್ತದೆ. ಅವರು ಮೆಷಿನ್ ಕಿತ್ತು ಜೇಬಿಗೆ ಹಾಕಿಕೊಂಡು ಸುಮ್ನೆ ಕೂರುತ್ತಾರೆ. ಇನ್ನು ಸಂಜೆ 5 ಗಂಟೆ. ಮರೆವಿನ ಕಾಯಿಲೆ ಇರುವ ಹಲವರಿಗೆ ಹೊತ್ತು ಮುಳುಗುವಾಗ ಗೊಂದಲ, ಹೆದರಿಕೆ ಜಾಸ್ತಿಯಾಗುತ್ತದೆ. "ಮನೆಗೆ ಹೋಗ್ಬೇಕು" ಎಂದು ಬಾಗಿಲ ಹತ್ತಿರ ಬಂದು ನಿಲ್ಲುವ ಹೊತ್ತು ಅದು. ಆಗ ಮುಖವಾಡ ಹಾಕಿಕೊಂಡ ಒಬ್ಬರು ಗಂಟೆ ಬಾರಿಸುತ್ತ ಹತ್ತಿರ ಬಂದರೆ ಅವರು ಹೆದರದೆ ಏನು ಮಾಡುತ್ತಾರೆ? ಬೆಳಿಗ್ಗೆ 10ಕ್ಕೆ ಹೋಗಿ, 11:30ಕ್ಕೆ ಹೊರಡಿ. ಒಂದು ಸಲಕ್ಕೆ ಎಂಟು ಹತ್ತು ವಿದ್ಯಾರ್ಥಿಗಳು ಸಾಕು. ಸಾಂತಾ ಬರಲೇಬೇಕೆಂದರೆ ಟೋಪಿ ಇರಲಿ, ಮುಖ ಕಾಣಲಿ.

ಆದರೆ ನನ್ನ ದೊಡ್ಡ ತಕರಾರು ಬೇರೆ. ನಿಮ್ಮ ಪಟ್ಟಿಯಲ್ಲಿ ಹಿರಿಯರು ಮಾಡುವ ಕೆಲಸ ಒಂದೂ ಇಲ್ಲ. ಕೂರಬೇಕು, ನೋಡಬೇಕು, ಫೋಟೊಗೆ ನಗಬೇಕು, ಅಷ್ಟೇ. ಅಲ್ಲಿರುವ ಅಜ್ಜಿಯಂದಿರು ಐವತ್ತು ವರ್ಷ ತಮ್ಮ ಮನೆಗಳಲ್ಲಿ ಈ ಹಬ್ಬವನ್ನು ನಡೆಸಿದವರು. ಬೀದಿಗೆಲ್ಲ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ಹಂಚಿದವರು. ಅವರ ಕೈಗೆ ಕೆಲಸ ಕೊಡಿ.

ಕುಸ್ವಾರ್‌ನಲ್ಲಿ ಇರುವ ಕರಿದ ತಿಂಡಿ ಕಿಡಿಯೊ ಮಾಡಿಸಿ ನೋಡಿ. ಗೋಲಿಯಷ್ಟು ಹಿಟ್ಟನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ, ಹೆಬ್ಬೆರಳಿನಲ್ಲಿ ಸುರುಳಿ ಸುತ್ತಿ ಎತ್ತಿದರೆ ಮೈಮೇಲೆ ಗೆರೆ ಮೂಡುತ್ತದಲ್ಲ, ಅದು. ಎರಡು ವರ್ಷದ ಹಿಂದೆ ಒಂದು ಆಶ್ರಮದಲ್ಲಿ ಇದನ್ನೇ ಮಾಡಿಸಿದೆವು. ಎಂಬತ್ತು ದಾಟಿದ ಒಬ್ಬರು ಅಜ್ಜಿ, ಮಗಳ ಹೆಸರೂ ನೆನಪಿಲ್ಲ. ಬಾಚಣಿಗೆ ಕೊಟ್ಟೆವು. ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಹಿಟ್ಟು ಚಿವುಟಿದರು, ಒತ್ತಿದರು, ಸುತ್ತಿದರು. ಹತ್ತು ನಿಮಿಷದಲ್ಲಿ ಒಂದು ತಟ್ಟೆ ಆಯಿತು, ಎಲ್ಲ ಒಂದೇ ಅಳತೆ. ಪಕ್ಕದಲ್ಲಿದ್ದ ಹುಡುಗಿಯ ಕೈಯಿಂದ ಒಂದನ್ನು ಎತ್ತಿ, "ಇಷ್ಟು ದಪ್ಪ ಬೇಡ ಮಗಾ, ಒಳಗೆ ಬೇಯುವುದಿಲ್ಲ" ಎಂದರು. ಆ ತಿಂಗಳಲ್ಲಿ ಅವರು ಪೂರ್ತಿಯಾಗಿ ಆಡಿದ ಮೊದಲ ಮಾತು ಅದು ಎಂದು ನರ್ಸ್ ಹೇಳಿದರು.

ಇದು ಪವಾಡ ಅಲ್ಲ. ಮರೆವಿನ ಕಾಯಿಲೆಯಲ್ಲಿ ನಿನ್ನೆ ಮೊನ್ನೆಯ ವಿಷಯ ಮೊದಲು ಹೋಗುತ್ತದೆ. ಕೈಗೆ ರೂಢಿಯಾದ ಕೆಲಸ ಮೆದುಳಿನ ಬೇರೆ ಭಾಗದಲ್ಲಿ ಕೂತಿರುತ್ತದೆ, ತುಂಬ ತಡವಾಗಿ ಹೋಗುತ್ತದೆ. ಹಳೆಯ ಹಾಡುಗಳೂ ಹಾಗೆಯೇ. ಅದಕ್ಕೇ ಹೊಸ ಡಾನ್ಸ್ ಬಿಟ್ಟು, ಅವರು ಚಿಕ್ಕಂದಿನಲ್ಲಿ ಹಾಡಿದ ಕೊಂಕಣಿ, ಕನ್ನಡ ಕ್ಯಾರಲ್‌ಗಳನ್ನು ಮೈಕ್ ಇಲ್ಲದೆ, ನಿಧಾನವಾಗಿ, ಅವರ ಪಕ್ಕದಲ್ಲೇ ಕೂತು ಹಾಡಿ.

ಎಣ್ಣೆಯ ಕೆಲಸ ಅಡುಗೆಮನೆಯವರದು. ಬಾಣಲೆ ಹಾಲ್‌ಗೆ ಬರಕೂಡದು.

ಇನ್ನೊಂದು ಕೆಲಸ ಇನ್ನೂ ಮೊದಲೇ ಶುರುವಾಗಬೇಕು. ಕರಾವಳಿಯ ಮನೆಗಳಲ್ಲಿ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹಸಿರು ಬೇಕೆಂದು ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸುತ್ತಾರಲ್ಲ, ಅದನ್ನು ಹಿರಿಯರಿಗೇ ಬಿಡಿ. ಡಿಸೆಂಬರ್ 10ರ ಹೊತ್ತಿಗೆ ರಾಗಿ ನೆನೆಸಿ, ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿ ಉದುರಿಸಲಿ. ಒಬ್ಬೊಬ್ಬರಿಗೆ ಒಂದು ಗೆರಟೆ, ಹೆಸರು ಬರೆದು ಕಿಟಕಿಯ ಹತ್ತಿರ ಇಡಿ. ದಿನಾ ಎರಡು ಸಲ ನೀರು ಚಿಮುಕಿಸುವ ಕೆಲಸ. ಗಾಲಿಕುರ್ಚಿಯಲ್ಲಿ ಕೂತವರೂ ಮಾಡಬಹುದು. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ, ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಹೋಗುತ್ತಾರೆ. 24ರ ಹೊತ್ತಿಗೆ ಗೋದಲಿಯ ಸುತ್ತ ಅವರು ಬೆಳೆಸಿದ ಹಸಿರು.

ಗೋದಲಿಗೆ ಪ್ಲಾಸ್ಟಿಕ್ ಹುಲ್ಲು ತರಬೇಡಿ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ನಿಜವಾದ ಹುಲ್ಲು, ಎತ್ತು, ಕತ್ತೆಯನ್ನೇ ತರಿಸಿದ್ದರು. ಎತ್ತು ಬೇಡ, ಒಂದು ಕಟ್ಟು ಬೈಹುಲ್ಲು ತನ್ನಿ. ಗದ್ದೆ ಕೆಲಸ ಮಾಡಿದ ಅಜ್ಜಂದಿರು ಅದನ್ನು ಮೂಸಿ ನೋಡಿ ಮಾತು ಶುರು ಮಾಡುತ್ತಾರೆ. ಬಾಯಿಗೆ ಹಾಕಿಕೊಳ್ಳುವಷ್ಟು ಸಣ್ಣ ಗೊಂಬೆ, ಬಣ್ಣದ ಪ್ಲಾಸ್ಟಿಕ್ ಹಣ್ಣು ಮಾತ್ರ ಕೈಗೆ ಸಿಗುವ ಕಡೆ ಬೇಡ. ಮಿಣಮಿಣ ಹೊತ್ತಿ ಆರುವ ಸೀರಿಯಲ್ ಲೈಟ್‌ ಬದಲು ಒಂದೇ ಸಮ ಉರಿಯುವ ನಕ್ಷತ್ರ ಗೂಡುದೀಪ ಹಾಕಿ.

ಈಗ ಕೇಕ್. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಡೆ, ಲಕ್ವ ಹೊಡೆದು ಮಲಗಿದ್ದ ಅಜ್ಜನ ಬಾಯಿಗೆ ಅತಿಥಿಯೊಬ್ಬರು ಫೋಟೊಗಾಗಿ ಪ್ಲಮ್ ಕೇಕ್ ಇಟ್ಟರು. ದ್ರಾಕ್ಷಿ ಶ್ವಾಸನಾಳಕ್ಕೆ ಹೋಯಿತು. ಮೂರನೇ ದಿನ ಜ್ವರ, ನ್ಯುಮೋನಿಯಾ. ಅಜ್ಜ ಬದುಕಿದರು, ಆದರೆ ಮತ್ತೆ ಬಾಯಿಂದ ಊಟ ಮಾಡಲಿಲ್ಲ. ನುಂಗಲು ತೊಂದರೆ ಇರುವವರ ಪಟ್ಟಿಯನ್ನು ನರ್ಸ್ ಹತ್ತಿರ ಮೊದಲೇ ಕೇಳಿ. ಅವರಿಗೆ ಕೇಕ್ ಇಲ್ಲ, ಕಿಡಿಯೊ ಇಲ್ಲ, ಚಕ್ಕುಲಿ ಇಲ್ಲ. ಅವರ ಬದಲಿ ತಿಂಡಿ ನರ್ಸ್ ಹೇಳಿದ ಹದದಲ್ಲೇ ಇರಬೇಕು. ಹೆಚ್ಚಿನವರಿಗೆ ಗಂಟಿಲ್ಲದ ಮೆತ್ತಗಿನ ರಾಗಿ ಮಣ್ಣಿ ಆಗುತ್ತದೆ. ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ಅಲ್ಲಿನ ಸಿಬ್ಬಂದಿಯೇ ತಿನ್ನಿಸಬೇಕು. ತಿಂದ ಮೇಲೂ ಅರ್ಧ ಗಂಟೆ ಕೂತೇ ಇರಬೇಕು. ನಿಮ್ಮ ವಿದ್ಯಾರ್ಥಿಗಳು ಯಾರ ಬಾಯಿಗೂ ಏನನ್ನೂ ಇಡಕೂಡದು.

ಕೊನೆಗೆ ತಾರೀಖು. 25ರಂದು ಒಂದೇ ಆಶ್ರಮಕ್ಕೆ ನಾಲ್ಕು ತಂಡ, ನಾಲ್ಕು ಕೇಕ್. 27ಕ್ಕೆ ಯಾರೂ ಇಲ್ಲ. ನೀವು ಡಿಸೆಂಬರ್ ಎರಡನೇ ವಾರ ರಾಗಿ ಬಿತ್ತಲು ಹೋಗಿ. ಮತ್ತೆ ಜನವರಿ 6ಕ್ಕೆ, ಮಗು ಯೇಸುವನ್ನು ನೋಡಲು ಮೂವರು ಜ್ಞಾನಿಗಳು ಬಂದ ನೆನಪಿನ ಮೂರು ರಾಯರ ಹಬ್ಬದ ದಿನ, ಅದೇ ವಿದ್ಯಾರ್ಥಿಗಳು ಹೋಗಲಿ.

ಪ್ರಶ್ನೆ: ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ರಕ್ತಕ್ಕೆ ಒಳ್ಳೆಯದಂತೆ. ಎಲ್ಲರಿಗೂ ಒಂದೊಂದು ಲೋಟ ಕೊಡಬಹುದಾ?

ಬೇಡ. ನಿದ್ದೆ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆ ತೆಗೆದುಕೊಳ್ಳುವವರೇ ಅಲ್ಲಿ ಜಾಸ್ತಿ.

ಪ್ರಶ್ನೆ: ಶುಗರ್ ಇರುವವರಿಗೆ ಬೆಲ್ಲದ ಕೇಕ್ ಮಾಡಿಸಿದರೆ ತೊಂದರೆ ಇಲ್ಲ ಅಲ್ವಾ?

ಇದೆ. ಬೆಲ್ಲವೂ ಸಕ್ಕರೆಯೇ. ಸಕ್ಕರೆಯ ಕೇಕನ್ನೇ ಒಂದು ತೆಳು ತುಂಡು ಊಟದ ಜೊತೆಗೆ ಕೊಡಿ, ಸಾಕು.

ಪ್ರಶ್ನೆ: ನಮ್ಮ ಆಶ್ರಮದಲ್ಲಿ ಹಿಂದೂಗಳು, ಮುಸ್ಲಿಮರೂ ಇದ್ದಾರೆ. ಕ್ರಿಸ್ಮಸ್ ಮಾಡಿದರೆ ಬೇಸರವಾಗದಾ?

ಅವರನ್ನೇ ಕೇಳಿ. ಕುಸ್ವಾರ್ ತಟ್ಟೆಗೆ ಕಾದು ಬೆಳೆದವರು ಈ ಊರಲ್ಲಿ ಎಲ್ಲ ಜಾತಿಯಲ್ಲೂ ಇದ್ದಾರೆ. ಬೇಡ ಎಂದವರನ್ನು ಒತ್ತಾಯ ಮಾಡಬೇಡಿ.

ಪ್ರಶ್ನೆ: ಹಬ್ಬದ ಉಡುಗೊರೆಯಾಗಿ ನೆನಪಿನ ಶಕ್ತಿ ಮರಳಿಸುವ ತೈಲ ಕೊಡಲು ಒಬ್ಬರು ಮುಂದೆ ಬಂದಿದ್ದಾರೆ. ಮೂರು ತಿಂಗಳಲ್ಲಿ ಗುಣ ಎನ್ನುತ್ತಾರೆ. – ಮೇಲ್ವಿಚಾರಕರು

ಗೇಟಿನಿಂದಲೇ ಕಳಿಸಿ. ಅಲ್ಝೈಮರ್ ಕಾಯಿಲೆಯನ್ನು ವಾಸಿ ಮಾಡುವ ಔಷಧ ಜಗತ್ತಿನಲ್ಲಿ ಎಲ್ಲೂ ಇಲ್ಲ. ಇದೆ ಎನ್ನುವವರು ನಿಮ್ಮ ಹಿರಿಯರ ಮಕ್ಕಳ ಸಂಕಟವನ್ನು ಹಣ ಮಾಡಿಕೊಳ್ಳುತ್ತಿದ್ದಾರೆ.

ಪ್ರಶ್ನೆ: ಮಧ್ಯರಾತ್ರಿಯ ಪೂಜೆಗೆ ಕರೆದುಕೊಂಡು ಹೋಗಿ ಎಂದು ಅಪ್ಪ ಹಟ ಹಿಡಿದಿದ್ದಾರೆ.

ಈಗ ಹಲವು ಚರ್ಚ್‌ಗಳಲ್ಲಿ 24ರ ಸಂಜೆಯೇ ಬಲಿಪೂಜೆ ಇರುತ್ತದೆ. ಅದಕ್ಕೆ ಕರೆದುಕೊಂಡು ಹೋಗಿ. ರಾತ್ರಿ ಮಾತ್ರೆ ಜೇಬಲ್ಲಿರಲಿ, ಕಿವಿ ಮುಚ್ಚುವ ಟೋಪಿ ಇರಲಿ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ವಿಡಿಯೊ ಕಾಲ್‌ನಲ್ಲಿ ಮಮ್ಮಿ ನನ್ನ ಗುರುತು ಹಿಡಿಯುತ್ತಿಲ್ಲ. ಹಬ್ಬದ ದಿನ ಕಾಲ್ ಮಾಡಿದರೆ ಅವರಿಗೆ ಹಿಂಸೆಯಾಗುತ್ತದಾ?

ಮಾಡಿ, ಖಂಡಿತ ಮಾಡಿ. ಆದರೆ "ನಾನು ಯಾರು ಹೇಳಿ ನೋಡುವ" ಎಂದು ಕೇಳಬೇಡಿ. ಆ ಪರೀಕ್ಷೆಯಲ್ಲಿ ಸೋತು ಅವರ ಮುಖ ಬಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಹೆಸರು ನೀವೇ ಹೇಳಿ, ನಿಮ್ಮ ಮಗ ಎಂದೂ ಹೇಳಿ. ಆಮೇಲೆ ಅವರು ನಿಮಗೆ ಕಲಿಸಿದ ಕ್ಯಾರಲ್ ಹಾಡಿ, ಜಾಸ್ತಿ ಮಾತು ಬೇಡ. ನಮ್ಮ ಬೆಳಿಗ್ಗೆ 10ಕ್ಕೆ ಮಾಡಿ, ನಿಮಗೆ ಆಗ ಎಂಟೂವರೆ. ಫೋನ್ ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರು ಇರಲಿ ಎಂದು ಆಶ್ರಮದವರಿಗೆ ಹಿಂದಿನ ದಿನವೇ ಹೇಳಿಡಿ.