ಸರ್ವೋಗೆ ಕೋನ ಗೊತ್ತು, ಬಲ ಗೊತ್ತಿಲ್ಲ

ಪ್ರಶ್ನೆ: ನಾನು ಮಾಡಿದ ರೋಬೋಟ್ ಕೈ ಪ್ಲಾಸ್ಟಿಕ್ ಲೋಟ ಹಿಡಿದರೆ ಲೋಟ ಅಪ್ಪಚ್ಚಿ. ಹಿಡಿತ ಸಡಿಲಿಸಿದರೆ ಜಾರಿ ಬೀಳುತ್ತದೆ. ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್, ಅಂದರೆ ಸರ್ವೋ ಹಾಕಿದ್ದೇನೆ. ಅದರ ಶಕ್ತಿ 10 ಕೆಜಿ-ಸೆಂಮೀ, ಅಂದರೆ ಒಂದು ಸೆಂಮೀ ತೋಳಿನ ತುದಿಯಲ್ಲಿ 10 ಕೆಜಿ ಎತ್ತುವಷ್ಟು. ಇನ್ನೂ ದುಬಾರಿ ಸರ್ವೋ ಬೇಕಾ?

ಉತ್ತರ: ಬೇಡ. ಜಾಸ್ತಿ ಶಕ್ತಿಯ ಸರ್ವೋ ಹಾಕಿದರೆ ಲೋಟ ಇನ್ನೂ ಸಲೀಸಾಗಿ ಅಪ್ಪಚ್ಚಿಯಾಗುತ್ತದೆ, ಅಷ್ಟೇ.

ನೀವು ಸರ್ವೋಗೆ ಏನು ಹೇಳುತ್ತಿದ್ದೀರಿ ನೋಡಿ. ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್, ಅಂದರೆ ಚಿಕ್ಕ ವಿದ್ಯುತ್ ಸಂಕೇತ ಕಳಿಸುತ್ತೀರಿ. ಪಲ್ಸ್ 1.5 ಮಿಲಿಸೆಕೆಂಡ್ ಇದ್ದರೆ ಮಧ್ಯಕ್ಕೆ ಬಾ ಎಂದರ್ಥ. ಒಳಗಿರುವ ಪೊಟೆನ್ಷಿಯೋಮೀಟರ್ ಈಗಿನ ಕೋನ ತಿಳಿಸುತ್ತದೆ. ಹೇಳಿದ ಕೋನ ಬರುವವರೆಗೂ ಮೋಟಾರ್ ತಳ್ಳುತ್ತಲೇ ಇರುತ್ತದೆ. ನಡುವೆ ಲೋಟ ಇದೆಯೋ ನಿಮ್ಮ ಬೆರಳಿದೆಯೋ ಅದಕ್ಕೆ ಬೇಕಿಲ್ಲ. ಸರ್ವೋ ಗುಂಯ್‌ಗುಡುತ್ತಾ ಬಿಸಿಯಾಗುವುದೂ ಇದೇ ಕಾರಣಕ್ಕೆ.

ಹಾಗಾದರೆ ಮೋಟಾರಿನ ಕರೆಂಟ್ ಅಳೆದರೆ ಸಾಲದೇ ಎನ್ನಬಹುದು. ಟಾರ್ಕ್, ಅಂದರೆ ತಿರುಗಿಸುವ ಬಲ, ಕರೆಂಟಿಗೆ ತಕ್ಕಂತೆ ಏರುತ್ತದೆ, ನಿಜ. ಆದರೆ ಅದು ಮೋಟಾರಿನ ಟಾರ್ಕ್, ರೋಬೋಟಿನ ಬೆರಳ ತುದಿಯದ್ದಲ್ಲ. ನಡುವೆ ಸಾಲು ಸಾಲು ಗೇರ್‌ಗಳಿವೆ, ಅವುಗಳ ಘರ್ಷಣೆ ಇದೆ. ಸಣ್ಣ ಬಲವೆಲ್ಲ ಅಲ್ಲೇ ಕಳೆದುಹೋಗುತ್ತದೆ. ಜೋರಾಗಿ ಸಿಕ್ಕಿಕೊಂಡಾಗ ಮೋಟಾರ್ ನಿಲ್ಲಿಸಲು ಈ ಉಪಾಯ ಸಾಕು. ಲೋಟ ಹಿಡಿಯಲು ಸಾಲದು.

ನನ್ನ ಮತ ಸ್ಪ್ರಿಂಗ್‌ಗೆ. ಸರ್ವೋಗೂ ಬೆರಳಿಗೂ ನಡುವೆ ಒಂದು ಸ್ಪ್ರಿಂಗ್ ಹಾಕಿ, ಅದು ಎಷ್ಟು ಕುಗ್ಗಿತು ಅಥವಾ ಹಿಗ್ಗಿತು ಎಂದು ಬೇರೊಂದು ಸೆನ್ಸರ್‌ನಿಂದ ಅಳೆಯಿರಿ. ಮಿಲಿಮೀಟರಿಗೆ 100 ಗ್ರಾಂ ತೂಕ ಬೇಡುವ ಸ್ಪ್ರಿಂಗ್ 3 ಮಿಮೀ ಕುಗ್ಗಿದರೆ ಅದರ ಮೇಲಿನ ಬಲ 300 ಗ್ರಾಂ ತೂಕದಷ್ಟು. ಕುಗ್ಗಿದ್ದು ಬೇಕಾದ್ದಕ್ಕಿಂತ ಕಡಿಮೆಯಾದರೆ ಸರ್ವೋ ಕೋನವನ್ನು ಚೂರು ಮುಂದಕ್ಕೆ ತಳ್ಳಿ, ಜಾಸ್ತಿಯಾದರೆ ಚೂರು ಹಿಂದಕ್ಕೆ ಎಳೆಯಿರಿ. ಪ್ರೋಗ್ರಾಂ ಇಷ್ಟೇ. ಆ ಚೂರು ನಿಜಕ್ಕೂ ಚೂರೇ ಇರಲಿ, ಇಲ್ಲದಿದ್ದರೆ ಬೆರಳು ಗಡಗಡ ನಡುಗುತ್ತದೆ. ಸ್ಪ್ರಿಂಗ್ ಡಬ್ಬಿಯ ಮೇಲಿನ ಅಂಕಿ ನಂಬಬೇಡಿ. ಗೊತ್ತಿರುವ ತೂಕ ನೇತುಹಾಕಿ ನೀವೇ ಅಳೆಯಿರಿ.

ಇದು ನನ್ನ ಸ್ವಂತ ಬುದ್ಧಿಯಲ್ಲ. ಎಂಐಟಿಯ ಗಿಲ್ ಪ್ರ್ಯಾಟ್ ಮತ್ತು ಮ್ಯಾಥ್ಯೂ ವಿಲಿಯಮ್ಸನ್ 1995ರಲ್ಲೇ ಇದರ ಬಗ್ಗೆ ಬರೆದಿದ್ದರು. ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡಲೆಂದು ಬಂದ ಬ್ಯಾಕ್ಸ್‌ಟರ್ ರೋಬೋಟಿನ ಕೀಲುಗಳಲ್ಲೂ ಇಂಥ ಸ್ಪ್ರಿಂಗ್‌ಗಳಿದ್ದವು. ಕೀಲು ಮೆತ್ತಗಾದಷ್ಟೂ ಕರಾರುವಾಕ್ಕಾಗಿ ಒಂದು ಜಾಗದಲ್ಲಿ ನಿಲ್ಲಿಸುವುದು ಕಷ್ಟ. ಲೋಟ ಎತ್ತುವ ಕೈಗೆ ಅದೇನೂ ದೊಡ್ಡ ತೊಂದರೆಯಲ್ಲ.

ಪ್ರಶ್ನೆ: ಹಾಗಾದರೆ ರಿಮೋಟಿನಿಂದ ಓಡಿಸುವ ನನ್ನ ಆರ್‌ಸಿ ಕಾರು, ವಿಮಾನಕ್ಕೂ ಬಲ ಅಳೆಯುವ ಸರ್ವೋ ಹಾಕಲೇ?

ಉತ್ತರ: ಕಾರಿನಲ್ಲಿ ಅರ್ಧ ಕೆಲಸ ಆಗಲೇ ಆಗಿರಬಹುದು. ಸ್ಟೀರಿಂಗ್ ಹತ್ತಿರ ಸರ್ವೋ ಸೇವರ್ ಇದೆಯಾ ನೋಡಿ. ಅದೂ ಸ್ಪ್ರಿಂಗೇ. ಚಕ್ರ ಕಲ್ಲಿಗೆ ಬಡಿದಾಗ ಏಟನ್ನು ತಾನು ತಿಂದು ಗೇರ್ ಹಲ್ಲು ಉಳಿಸುತ್ತದೆ. ಅಳೆಯುವುದಿಲ್ಲ, ಅಷ್ಟೇ ವ್ಯತ್ಯಾಸ. ಕಾರಿಗೆ ಅಷ್ಟು ಸಾಕು.

ವಿಮಾನಕ್ಕೆ ಖಂಡಿತ ಬೇಡ. ಅಲ್ಲಿ ಬೇಕಿರುವುದೇ ಬಿಗಿ. ಗಾಳಿ ಎಷ್ಟೇ ಒತ್ತಲಿ, ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಮಡಚುವ ಏಲೆರಾನ್ ಹೇಳಿದ ಕೋನದಲ್ಲೇ ನಿಲ್ಲಬೇಕು, ಅಲ್ವಾ? ಸೆನ್ಸರ್‌ಗೆ ಕೊಡುವ ದುಡ್ಡಲ್ಲಿ ಸರ್ವೋಗೂ ಏಲೆರಾನ್‌ಗೂ ಕೊಂಡಿಯಾಗುವ ಒಳ್ಳೆಯ ಲಿಂಕೇಜ್ ತಗೊಂಡು ಸಡಿಲ ಹೋಗಲಾಡಿಸಿ. ಸಡಿಲ ಉಳಿದರೆ ವೇಗ ಏರಿದಾಗ ಏಲೆರಾನ್ ಪಟಪಟ ಬಡಿದುಕೊಂಡು ರೆಕ್ಕೆಯನ್ನೇ ಮುರಿಯಬಹುದು.