ಮಾಸ್ತರರನ್ನು ಕೇಳಿ: ವೈರಲ್ ಆದರೆ ಸಾಕಾ?

ಪ್ರಶ್ನೆ: ಮೇಷ್ಟ್ರೇ, ನನ್ನ ಮಗ ಬಿ.ಕಾಂ. ಓದುತ್ತಿದ್ದಾನೆ. 100 ಮೀಟರ್ ಓಟದಲ್ಲಿ ಕಾಲೇಜಿಗೇ ಮೊದಲು. ಈಗ ಗ್ರೌಂಡಿಗಿಂತ ಮೊಬೈಲಿನಲ್ಲೇ ಜಾಸ್ತಿ. ಓಡಿದರೂ ರೀಲ್ಸ್‌ಗಾಗಿಯೇ ಓಡುತ್ತಾನೆ. ಬೈದರೆ, 'ಕಂಬಳದ ಶ್ರೀನಿವಾಸ ಗೌಡ್ರು ಒಂದೇ ವಿಡಿಯೋದಿಂದ ದೇಶಕ್ಕೆಲ್ಲ ಗೊತ್ತಾಗಲಿಲ್ವಾ?' ಅನ್ನುತ್ತಾನೆ. ಏನು ಹೇಳಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಮ್ಮ, ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಉಳಿದರ್ಧ ಇಲ್ಲಿದೆ, ಅವನಿಗೇ ಓದಿಸಿ. ನಾನು ಕಾರ್ಕಳದ ಕಡೆ ಪಿ.ಟಿ. ಮಾಸ್ತರನಾಗಿದ್ದವನು. ಕಂಬಳದ ಮಾತೆತ್ತಿದರೆ ಸುಮ್ನೆ ಕೂರುವ ಪೈಕಿ ಅಲ್ಲ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು. 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಇನ್ನೇನು ಬೇಕು? ವಿಡಿಯೋ ಊರೂರು ಸುತ್ತಿತು. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು.

ಆ ಲೆಕ್ಕ ನನ್ನಂಥವನಿಗೆ ಒಪ್ಪುವುದಿಲ್ಲ. ಯಾವ ಓಟದಲ್ಲೂ ಹೊರಟ ಮೊದಲ ಕೆಲವು ಮೀಟರ್ ನಿಧಾನ. ದೂರ ಹೆಚ್ಚಿದರೆ ಆ ನಿಧಾನ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಮತ್ತೆ, ಕೆಸರಿನಲ್ಲಿ ಓಡುವುದು ಬಹಳ ಕಷ್ಟ, ನಿಜ. ಆದರೆ ಓಡಿಸುವವನನ್ನು ಮುಂದಿನಿಂದ ಎರಡು ಕೋಣಗಳು ಎಳೆಯುತ್ತಿರುತ್ತವೆ. ವಿಡಿಯೋ ನೋಡಿದವರಲ್ಲಿ ಎಷ್ಟು ಜನ ಆ ಕೋಣಗಳ ಹೆಸರು ಕೇಳಿದರು? (ನಮ್ಮ ಕಡೆ ಕೋಣಗಳಿಗೇ ಅಭಿಮಾನಿಗಳು ಜಾಸ್ತಿ, ಅದು ಬೇರೆ ಮಾತು.)

ಇದನ್ನು ಗೌಡರೇ ಹೇಳಿದರು. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲಿನ ಬೆರಳುಗಳಿಗೆ, ಎರಡೂ ಬೇರೆ ಎಂದು ವಿವರಿಸಿ ಟ್ರಯಲ್ಸ್ ಬೇಡ ಎಂದರು. ಕಟ್ಟಡದ ಕೆಲಸ ಮಾಡುತ್ತಿದ್ದ ಹುಡುಗ. ದೇಶವೇ ಹೊಗಳುತ್ತಿರುವಾಗ ತನಗೆ ಬರುವುದೇನು, ಬಾರದ್ದೇನು ಎಂದು ಅಷ್ಟು ಸಲೀಸಾಗಿ ಹೇಳಿಬಿಟ್ಟರಲ್ಲ, ನನಗೆ 13.62ಕ್ಕಿಂತ ಅದೇ ದೊಡ್ಡದಾಗಿ ಕಾಣುತ್ತದೆ. ಆಮೇಲೆ ವಾಪಸ್ ಕರೆಗೇ ಇಳಿದರು. 2021ರಲ್ಲಿ ಅದೇ 100 ಮೀಟರ್ ಲೆಕ್ಕದಲ್ಲಿ 9 ಸೆಕೆಂಡಿಗಿಂತಲೂ ಕಡಿಮೆ ಮಾಡಿದರು.

ಈಗ ನಿಮ್ಮ ಮಗನಿಗೊಂದು ಪ್ರಶ್ನೆ. ನಿಶಾಂತ್ ಶೆಟ್ಟಿ ಯಾರು? ಗೊತ್ತಿರಲಿಕ್ಕಿಲ್ಲ. ಐಕಳ ಮುಗಿದು ಕೆಲವೇ ದಿನಗಳಲ್ಲಿ, ಅದೇ ಫೆಬ್ರವರಿಯಲ್ಲಿ, ವೇಣೂರು ಕಂಬಳದಲ್ಲಿ ಬಜಗೋಳಿಯ ಈ ಹುಡುಗ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದ. ಲೆಕ್ಕ ಹಾಕಿದರೆ 9.51. ಬೋಲ್ಟ್ ಕಥೆ ಆಗಲೇ ಒಬ್ಬರ ಹೆಸರಿಗೆ ಅಂಟಿಬಿಟ್ಟಿತ್ತು, ಹೊರಗಿನವರಿಗೆ ಎರಡನೆಯವನು ಅಷ್ಟಾಗಿ ಬೇಕಾಗಲಿಲ್ಲ. ಆದರೆ ಮಂಜೊಟ್ಟಿಯಲ್ಲಿ, ಅಂದರೆ ಓಟ ಮುಗಿಯುವ ಜಾಗದಲ್ಲಿ, ನಿಂತ ಕೋಣದ ಯಜಮಾನರ ಲೆಕ್ಕ ಬೇರೆ. ಯಾರ ಕೈಯಲ್ಲಿ ತನ್ನ ಜೋಡಿ ನೆಟ್ಟಗೆ ಓಡುತ್ತದೆ ಎಂದು ಅವರು ನೋಡುತ್ತಾರೆ. ಎಷ್ಟು ವ್ಯೂಸ್ ಅಂತ ಕೇಳಿದ ಯಜಮಾನರನ್ನು ನಾನಂತೂ ಕಂಡಿಲ್ಲ.

ಇನ್ನೊಂದು. ಆ ವಿಡಿಯೋವನ್ನು ಗೌಡರು ಮಾಡಿದ್ದಲ್ಲ. ಅವರು ಗೆಲ್ಲಲು ಓಡುತ್ತಿದ್ದರು, ಬೇರೆ ಯಾರೋ ಶೂಟ್ ಮಾಡಿದರು.

ನಿಮ್ಮ ಪತ್ರದಲ್ಲಿ ಮಗನ ಟೈಮಿಂಗ್ ಬರೆದಿಲ್ಲ. ಅವನನ್ನೇ ಕೇಳಿ. ಲೈಕ್ಸ್ ಎಷ್ಟೆಂದು ತಟ್ಟನೆ ಹೇಳಿ, ಟೈಮಿಂಗ್‌ಗೆ ತಡವರಿಸಿದರೆ ನನಗೆ ಇನ್ನೊಂದು ಪತ್ರ ಹಾಕಿ.

ಪ್ರಶ್ನೆ: ಮಾಷ್ಟ್ರೇ, ನಾನೂ ಓಟಗಾರ. ಪ್ರಾಕ್ಟೀಸಿನ ರೀಲ್ಸ್ ಹಾಕುವುದೇ ತಪ್ಪಾ?
– ವಿದ್ಯಾರ್ಥಿ, ಉಡುಪಿ

ಉತ್ತರ: ಯಾಕೆ ತಪ್ಪು ಮಾರಾಯ, ಹಾಕು. ಸ್ಲೋ ಮೋಷನ್ ಬಿಟ್ಟು, ಹೊರಟಲ್ಲಿಂದ ಮುಟ್ಟುವವರೆಗೆ ಪೂರ್ತಿ ಓಟ ಹಾಕು, ಜೊತೆಗೆ ಟೈಮಿಂಗೂ ಇರಲಿ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದ್ದಾದರೆ ಅದನ್ನೂ ಬರೆ. 100 ಮೀಟರಿನಲ್ಲಿ ಕೈಯ ಟೈಮಿಂಗಿಗೆ 0.24 ಸೆಕೆಂಡ್ ಸೇರಿಸಿಯೇ ಎಲೆಕ್ಟ್ರಾನಿಕ್ ಟೈಮಿಂಗ್ ಜೊತೆ ಹೋಲಿಸುವುದು ವಾಡಿಕೆ. ಅದನ್ನು ಸೇರಿಸಿದ ಮೇಲೂ ಪೋಸ್ಟ್ ಮಾಡುವ ಮನಸ್ಸಿದ್ದರೆ ನನಗೂ ಲಿಂಕ್ ಕಳಿಸು.