ಓದುಗರ ಪ್ರಶ್ನೆ, ನಮ್ಮ ಉತ್ತರ: ಹತ್ತು ವರ್ಷ ದಾಟಿದ ಪುಟ್ಟ ಸೆಡಾನ್

ಹಳೆಯದಾಗುತ್ತಿರುವ ಸಣ್ಣ ಸೆಡಾನ್ ಕಾರುಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಕಾರು ಕೊಂಡ ಮೊದಲ ವರ್ಷದ ಅನುಭವ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದೇ ಕಾರನ್ನು ಹತ್ತು ಹನ್ನೆರಡು ವರ್ಷ ಇಟ್ಟುಕೊಂಡವರ ಮಾತು ಕೇಳಸಿಗುವುದು ಕಡಿಮೆ. ನಾನೂ ಒಂದು ಪುಟ್ಟ ಪೆಟ್ರೋಲ್ ಸೆಡಾನನ್ನು ಹನ್ನೆರಡನೆಯ ವರ್ಷ ಓಡಿಸುತ್ತಿದ್ದೇನೆ, ಅದರ ಓಡೋಮೀಟರ್ 1,41,000 ಕಿಲೋಮೀಟರ್ ದಾಟಿದೆ. ಹಾಗಾಗಿ ಕೆಲವು ಉತ್ತರಗಳಲ್ಲಿ ಕೈಪಿಡಿಯ ಮಾತಿನ ಜೊತೆಗೆ ಆ ಕಾರು ನನಗೆ ಕಲಿಸಿದ್ದೂ ಸೇರಿದೆ.

ಪ್ರಶ್ನೆ: ನನ್ನ ಸೆಡಾನಿಗೆ ಹತ್ತು ವರ್ಷವಾಗಿದ್ದರೂ ಓಡಿರುವುದು 46,000 ಕಿಲೋಮೀಟರ್ ಮಾತ್ರ. ದಿನಕ್ಕೆ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸುವುದಿಲ್ಲ. ಗ್ಯಾರೇಜಿನವರು ಬ್ರೇಕ್ ಆಯಿಲ್, ಕೂಲಂಟ್, ಟೈಮಿಂಗ್ ಬೆಲ್ಟ್, ನಾಲ್ಕೂ ಟೈರ್ ಬದಲಾಯಿಸಬೇಕೆನ್ನುತ್ತಾರೆ. ಹೊಸದರಂತಿರುವ ಕಾರಿಗೆ ಇಷ್ಟೆಲ್ಲ ಬೇಕೇ?

ಉತ್ತರ: ನಿಮ್ಮ ಸಂಶಯ ಸಹಜವಾದದ್ದು, ಆದರೆ ಗ್ಯಾರೇಜಿನವರು ಹೇಳಿರುವುದು ಸರಿ. ಕಾರು ಓಡಿ ಸವೆಯುವಂತೆಯೇ ನಿಂತೂ ಹಾಳಾಗುತ್ತದೆ. ಓಡೋಮೀಟರ್ ಲೆಕ್ಕ ಇಡುವುದು ಓಡಿದ್ದನ್ನು ಮಾತ್ರ, ನಿಂತದ್ದರ ಲೆಕ್ಕವನ್ನು ಮಾಲೀಕರೇ ಇಡಬೇಕು.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ಎಣ್ಣೆಯಲ್ಲ. ಬಹುತೇಕ ಕಾರುಗಳಲ್ಲಿರುವುದು ಗ್ಲೈಕಾಲ್ ಆಧಾರಿತ ದ್ರವ, ಅದು ಗಾಳಿಯ ತೇವವನ್ನು ಸದಾ ಹೀರುತ್ತಿರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ. ಅದರೊಳಗೆ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಪೇಟೆಯ ನಿಧಾನ ಓಡಾಟದಲ್ಲಿ ಈ ಇಳಿಕೆ ಗೊತ್ತೇ ಆಗುವುದಿಲ್ಲ. ಐದು ಜನ ಕುಳಿತು, ಸಾಮಾನು ತುಂಬಿ, ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿಯುವ ದಿನ ಆ ದ್ರವ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ನೆಲದವರೆಗೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸುವುದು ರೂಢಿ. ಹತ್ತು ವರ್ಷ ಹಾಗೇ ಬಿಟ್ಟಿದ್ದರೆ ಎಲ್ಲಕ್ಕಿಂತ ಮೊದಲು ಈ ಕೆಲಸ ಮಾಡಿಸಿ.

ಟೈರಿನ ವಯಸ್ಸನ್ನು ನೀವೇ ಓದಬಹುದು. ಅದರ ಪಕ್ಕದ ಗೋಡೆಯಲ್ಲಿ DOT (ಡಾಟ್) ಎಂದು ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. 2316 ಎಂದಿದ್ದರೆ ಅದು 2016ರ 23ನೆಯ ವಾರದ್ದು. ನನ್ನ ಕಾರಿನ ಮೊದಲ ಜೊತೆ ಟೈರುಗಳಲ್ಲಿ ಏಳನೆಯ ವರ್ಷದಲ್ಲೂ ನೆಲ ಹಿಡಿಯುವ ಪಟ್ಟಿ ಸುಮಾರು 5 ಮಿಲಿಮೀಟರ್ ಆಳ ಉಳಿದಿತ್ತು, ಅನೇಕ ಕಡೆ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್ ಆಗಿರುವುದರಿಂದ ನಾನು ನಿಶ್ಚಿಂತನಾಗಿದ್ದೆ. ಒಂದು ದಿನ ಗಾಲಿಯನ್ನು ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಪಟ್ಟಿಗಳ ನಡುವಿನ ಕಾಲುವೆಯನ್ನು ಬೆರಳಿನಿಂದ ಅಗಲಿಸಿ ನೋಡಿದಾಗ ತಳದ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳಿದ್ದವು. ಉಗುರು ಒತ್ತಿದರೆ ರಬ್ಬರ್ ತಗ್ಗುತ್ತಲೇ ಇರಲಿಲ್ಲ. ಒದ್ದೆ ರಸ್ತೆಯಲ್ಲಿ ಕೆಲವು ತಿಂಗಳಿಂದ ಕಾರು ಜಾರುವಂತೆನಿಸುತ್ತಿದ್ದದ್ದಕ್ಕೆ ಕಾರಣ ಅಂದು ತಿಳಿಯಿತು. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಅಂಕಿಗಳನ್ನೂ ತಪ್ಪದೇ ಓದಿ, ಒಂದು ಕಿಲೋಮೀಟರೂ ಉರುಳದ ಅದಕ್ಕೂ ಕಾರಿನಷ್ಟೇ ವಯಸ್ಸಾಗಿರುತ್ತದೆ.

ಎಂಜಿನ್ನಿನ ಪಿಸ್ಟನ್ ಮತ್ತು ವಾಲ್ವ್‌ಗಳನ್ನು ಒಂದೇ ತಾಳದಲ್ಲಿ ಓಡಿಸುವ ಟೈಮಿಂಗ್ ಬೆಲ್ಟ್ ಕೂಡ ರಬ್ಬರಿನದೇ. ಕೈಪಿಡಿ ಅದಕ್ಕೆ ಕಿಲೋಮೀಟರ್ ಮತ್ತು ವರ್ಷ ಎರಡನ್ನೂ ಕೊಟ್ಟು, ಯಾವುದು ಮೊದಲು ಬರುತ್ತದೋ ಆಗ ಬದಲಾಯಿಸಿ ಎನ್ನುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಅದು ತುಂಡಾದ ಗಳಿಗೆಯಲ್ಲೇ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಆಮೇಲೆ ಎಂಜಿನ್ ಬಿಚ್ಚದೆ ದಾರಿಯಿಲ್ಲ. ನಿಮ್ಮ ಎಂಜಿನ್ನಿನಲ್ಲಿ ಬೆಲ್ಟ್ ಬದಲು ಚೈನ್ ಇದ್ದರೆ ಈ ಖರ್ಚು ಇಲ್ಲ, ಆದರೆ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಸಾಮಾನ್ಯವಾಗಿ ಎಂಜಿನ್ ಆಯಿಲ್ ಒತ್ತಡದಿಂದ ಕೆಲಸ ಮಾಡುವುದರಿಂದ ಆಯಿಲ್ ಬದಲಿಸಲು ತಡ ಮಾಡಬಾರದು. ಎಂಜಿನ್ ತಂಪಾಗಿಡುವ ಕೂಲಂಟಿನಲ್ಲಿರುವ ತುಕ್ಕುನಿರೋಧಕ ರಾಸಾಯನಿಕಗಳೂ ಕಾಲಕ್ರಮದಲ್ಲಿ ಕ್ಷೀಣಿಸುತ್ತವೆ. ಬಣ್ಣ ನೋಡಿ ಕೊಳ್ಳದೆ ಕೈಪಿಡಿ ಹೇಳಿದ ದರ್ಜೆಯದನ್ನೇ ಹಾಕಿಸಿ.

ನಿಮ್ಮ ಎರಡು ಮೂರು ಕಿಲೋಮೀಟರಿನ ಓಡಾಟದ ಬಗ್ಗೆಯೂ ಹೇಳಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಅದು ಆವಿಯಾಗಿ ಹೊರಹೋಗುತ್ತದೆ, ಇಲ್ಲದಿದ್ದರೆ ಸೈಲೆನ್ಸರಿನೊಳಗೆ ನಿಂತು ಅದನ್ನು ಒಳಗಿನಿಂದಲೇ ತಿನ್ನುತ್ತದೆ, ಸ್ವಲ್ಪ ಭಾಗ ಎಂಜಿನ್ ಆಯಿಲಿಗೂ ಸೇರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಬಿಡದೆ ಓಡಿಸಿ. ಆಯಿಲನ್ನು ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ.

ಪ್ರಶ್ನೆ: ಒಂಬತ್ತು ವರ್ಷದ ಸೆಡಾನ್. ನಂಬರ್ ಪ್ಲೇಟ್ ದೀಪ ಮತ್ತು ಡಿಕ್ಕಿಯ ದೀಪ ಒಮ್ಮೆ ಉರಿಯುತ್ತವೆ, ಒಮ್ಮೆ ಇಲ್ಲ. ಮೂರು ಸಲ ಬಲ್ಬ್ ಬದಲಾಯಿಸಿದೆ. ಈಗ ಇಂಡಿಕೇಟರ್ ಹಾಕಿದರೆ ನಂಬರ್ ಪ್ಲೇಟ್ ದೀಪವೂ ಮಂಕಾಗಿ ಮಿನುಗುತ್ತಿದೆ.

ಉತ್ತರ: ಬಲ್ಬ್‌ಗಳನ್ನು ಬಿಟ್ಟು ಡಿಕ್ಕಿಯ ಬಾಗಿಲಿನ ಕೀಲಿನ ಬಳಿ ನೋಡಿ. ಕಾರಿನ ದೇಹದಿಂದ ಬಾಗಿಲಿಗೆ ಹೋಗುವ ತಂತಿಗಳೆಲ್ಲ ಅಲ್ಲಿ ಒಂದು ಗುಂಪಾಗಿ, ಹೆಚ್ಚಿನ ಕಾರುಗಳಲ್ಲಿ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯೊಳಗೆ ಹಾದುಹೋಗುತ್ತವೆ. ದಿನಕ್ಕೆ ಎರಡು ಬಾರಿ ಡಿಕ್ಕಿ ತೆರೆದರೂ ಒಂಬತ್ತು ವರ್ಷಕ್ಕೆ ಆರೂವರೆ ಸಾವಿರ ಸಲಕ್ಕಿಂತ ಹೆಚ್ಚು ಆ ತಂತಿಗಳು ಒಂದೇ ಜಾಗದಲ್ಲಿ ಬಾಗಿ ನೆಟ್ಟಗಾಗಿರುತ್ತವೆ.

ನನ್ನ ಕಾರಿನಲ್ಲಿ ಎಂಟನೆಯ ವರ್ಷ ಇದೇ ತೊಂದರೆ ಬಂದಾಗ ಕೊಳವೆಯನ್ನು ಹಿಂದಕ್ಕೆ ಜಾರಿಸಿ ನೋಡಿದೆ. ಏಳು ತಂತಿಗಳಲ್ಲಿ ಎರಡರ ಹೊದಿಕೆ ಬಳೆಯಾಕಾರದಲ್ಲಿ ಸೀಳಿತ್ತು. ಕಪ್ಪು ತಂತಿ ಪೂರ್ತಿ ತುಂಡಾಗಿ, ತುದಿಯ ತಾಮ್ರ ಹಸಿರುಗಟ್ಟಿತ್ತು. ಬಾಗಿಲು ಅರ್ಧ ಎತ್ತಿದಾಗ ಮಾತ್ರ ಎರಡು ತುದಿಗಳು ಒಂದಕ್ಕೊಂದು ತಾಗುತ್ತಿದ್ದವು. ಆ ಕಪ್ಪು ತಂತಿಯೇ ಅರ್ಥಿಂಗ್. ಅದು ಕಡಿದಾಗ ಕರೆಂಟು ವಾಪಸು ಹೋಗಲು ಬೇರೆ ಬಲ್ಬ್‌ಗಳ ಮೂಲಕ ದಾರಿ ಹುಡುಕುತ್ತದೆ, ನಿಮ್ಮಲ್ಲಿ ಇಂಡಿಕೇಟರಿನ ಜೊತೆ ಇನ್ನೊಂದು ದೀಪ ಮಿನುಗುವುದು ಬಹುಶಃ ಇದರಿಂದಲೇ. ಕಡಿದ ತುದಿಗಳನ್ನು ಹೊಸೆದು ಟೇಪ್ ಸುತ್ತಿದರೆ ಕೆಲವೇ ತಿಂಗಳಲ್ಲಿ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ಬಾಗುವ ಭಾಗದ ಉದ್ದಕ್ಕೂ ಸಣ್ಣ ಎಳೆಗಳ, ಮೆತ್ತಗಿನ ಹೊಸ ತಂತಿ ಹಾಕಿಸಿ, ಬೆಸುಗೆಗಳು ಕೊಳವೆಯ ಎರಡೂ ಬದಿಯಲ್ಲಿ ಅಲುಗಾಡದ ಕಡೆ ಬರುವಂತೆ ಮಾಡಿಸಿ. ಸೀಳಿರುವ ಉಳಿದ ತಂತಿಗಳನ್ನೂ ಅದೇ ದಿನ ಸರಿಪಡಿಸಿ, ಅವು ಒಂದಕ್ಕೊಂದು ತಾಗಿದರೆ ಫ್ಯೂಸ್ ಹೋಗುತ್ತದೆ.

ಪ್ರಶ್ನೆ: ಮೈಲೇಜ್ ಎರಡು ವರ್ಷದಲ್ಲಿ ಲೀಟರಿಗೆ 17 ಕಿಲೋಮೀಟರಿನಿಂದ 14ಕ್ಕೆ ಬಂದಿದೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಶುಚಿ ಮಾಡಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಮೊದಲು ಆ ಅಂಕಿಗಳು ಬಂದದ್ದು ಎಲ್ಲಿಂದ ಎಂದು ನೋಡಿ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವುದು ಅಂದಾಜು. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಾಗ ಹಿಡಿದ ಲೀಟರುಗಳಿಂದ ಕಿಲೋಮೀಟರನ್ನು ಭಾಗಿಸಿ, ಕನಿಷ್ಠ ಮೂರು ಟ್ಯಾಂಕುಗಳ ಸರಾಸರಿ ತೆಗೆಯಿರಿ.

ಇಳಿಕೆ ನಿಜವೇ ಆಗಿದ್ದರೆ, ದುಬಾರಿ ರಿಪೇರಿಗೆ ಮುನ್ನ ಮೂರು ಪರೀಕ್ಷೆಗಳನ್ನು ಮಾಡಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲು ಅಳೆಯಿರಿ. ಉಷ್ಣಾಂಶ ಐದಾರು ಡಿಗ್ರಿ ಇಳಿದಾಗ ಸುಮಾರು 1 ಪಿಎಸ್ಐ ಕಡಿಮೆಯಾಗುವುದರಿಂದ ಮಧ್ಯಾಹ್ನದ ಬಿಸಿಯಲ್ಲಿ ಅಳೆದದ್ದು ನಂಬಿಕೆಗೆ ಬಾರದು. ಎರಡನೆಯದಾಗಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿದ ಮೇಲೆ ನಾಲ್ಕು ಗಾಲಿಗಳ ಹತ್ತಿರ ಮುಟ್ಟದೆ ಅಂಗೈ ಹಿಡಿಯಿರಿ. ಒಂದು ಮಾತ್ರ ಉಳಿದವುಗಳಿಗಿಂತ ಬಿಸಿ ಸೂಸುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಮೂರನೆಯದನ್ನು ಅನೇಕ ಮೆಕ್ಯಾನಿಕ್‌ಗಳೂ ಮರೆಯುತ್ತಾರೆ, ಅದು ಥರ್ಮೋಸ್ಟಾಟ್, ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ. ತೆರೆದೇ ಉಳಿದ ಥರ್ಮೋಸ್ಟಾಟ್ ಎಂಜಿನ್ನನ್ನು ಬೇಕಾದಷ್ಟು ಬಿಸಿಯಾಗಲು ಬಿಡುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ತಿಳಿದ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತಲೇ ಇರುತ್ತದೆ. ಕಾರು ಬಿಸಿಯಾಗಿ ನಿಂತಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ, ತಣ್ಣಗೆ ಓಡುವ ಎಂಜಿನ್ ಬಗ್ಗೆ ಯಾರೂ ದೂರುವುದಿಲ್ಲ, ಹಾಗಾಗಿ ಈ ದೋಷ ವರ್ಷಗಟ್ಟಲೆ ಅಡಗಿರುತ್ತದೆ. ಸ್ಟೇರಿಂಗಿನ ಕೆಳಗಿನ ದೋಷ ಪರೀಕ್ಷೆಯ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿಸಿ ಕೂಲಂಟಿನ ಉಷ್ಣಾಂಶ ನೋಡಿ. ಹೆದ್ದಾರಿಯಲ್ಲಿ ಅದು 90 ಡಿಗ್ರಿಯ ಆಸುಪಾಸಿನಲ್ಲಿರಬೇಕು. 70ರ ಬಳಿ ತೂಗಾಡುತ್ತಿದ್ದರೆ ಕಾರಣ ಸಿಕ್ಕಂತೆಯೇ. ಇಂಜೆಕ್ಟರ್ ಶುಚಿಯನ್ನು ಪರೀಕ್ಷೆಯಿಲ್ಲದೆ ಪ್ರತಿ ಸರ್ವಿಸಿನಲ್ಲೂ ಒತ್ತಾಯಿಸುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಕೈಪಿಡಿಯಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಿಸುವ ಅವಧಿಯೇ ಇಲ್ಲ. ನನ್ನದು ಸಿವಿಟಿ (ಹಂತಗಳಿಲ್ಲದ ಗೇರ್‌ಬಾಕ್ಸ್), 85,000 ಕಿಲೋಮೀಟರ್ ಆಗಿದೆ.

ಉತ್ತರ: ದೀರ್ಘಕಾಲ ಇಟ್ಟುಕೊಳ್ಳುವ ಉದ್ದೇಶವಿದ್ದರೆ ಬದಲಾಯಿಸಿ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಎರಡು ರಾಟೆಗಳ ನಡುವೆ ಹಿಡಿತದಿಂದಲೇ ಶಕ್ತಿ ಸಾಗಿಸುತ್ತದೆ, ಆ ಹಿಡಿತ ಆಯಿಲಿನ ಗುಣವನ್ನೇ ಅವಲಂಬಿಸಿದೆ. ನಿಮ್ಮ ಗೇರ್‌ಬಾಕ್ಸಿಗೆ ನಿಗದಿಯಾದ ಸಿವಿಟಿ ಆಯಿಲ್ ಹೊರತು ಸಾಮಾನ್ಯ ಆಟೊಮ್ಯಾಟಿಕ್ ಆಯಿಲ್ ಖಂಡಿತ ಬೇಡ.

ಪ್ರಶ್ನೆ: ಐದು ಜನ ಕುಳಿತರೆ ರಸ್ತೆ ಉಬ್ಬುಗಳಿಗೆ ಕಾರಿನ ಹೊಟ್ಟೆ ತಾಗುತ್ತದೆ. ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ತುಂಡು ಹಾಕಿಸಬಹುದೇ? ಮುಂದಿನಿಂದ ಸಣ್ಣ ಕುಲುಕಾಟಕ್ಕೂ ಟಕಟಕ ಸದ್ದು ಬರುತ್ತಿದೆ.

ಉತ್ತರ: ರಬ್ಬರ್ ತುಂಡು ಬೇಡ. ಅದು ಕೆಲವು ಸುರುಳಿಗಳ ಚಲನೆಯನ್ನು ತಡೆದು ಉಳಿದವುಗಳ ಮೇಲೆ ಹೊರೆ ಹಾಕುತ್ತದೆ, ಸ್ಪ್ರಿಂಗ್ ಮುರಿಯಲೂ ಬಹುದು. ಖಾಲಿ ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಯ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗಿನ ಎತ್ತರವನ್ನು ಎರಡೂ ಕಡೆ ಅಳೆಯಿರಿ. ಒಂದು ಕಡೆ ತಗ್ಗಿದ್ದರೆ, ಅಥವಾ ಅದೇ ಮಾದರಿಯ ಹೊಸ ಕಾರಿಗಿಂತ ಎರಡೂ ಕಡೆ ಸ್ಪಷ್ಟವಾಗಿ ಕಡಿಮೆಯಿದ್ದರೆ, ಸ್ಪ್ರಿಂಗ್ ಜೋಡಿಯನ್ನೇ ಬದಲಾಯಿಸಿ. ಎತ್ತರ ಸರಿಯಿದ್ದರೆ ದೋಷ ಹೊರೆಯದು. ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿ ಪೂರ್ತಿ ಹೊರೆಗೆ ಬೇರೆ ಗಾಳಿಯ ಒತ್ತಡ ಕೊಟ್ಟಿದ್ದರೆ ಪ್ರಯಾಣದ ಮುನ್ನ ಅಷ್ಟು ತುಂಬಿಸಿ. ಡಿಕ್ಕಿ ದೊಡ್ಡದಿದೆಯೆಂಬ ಕಾರಣಕ್ಕೆ ಐದು ಜನರ ಮೇಲೆ ಅದನ್ನೂ ತುಂಬುವುದು ಸಣ್ಣ ಸೆಡಾನ್‌ಗಳ ಹಿಂಭಾಗವನ್ನು ಬೇಗ ದಣಿಸುತ್ತದೆ.

ಸದ್ದಿನ ವಿಷಯದಲ್ಲಿ ಆತುರ ಬೇಡ. ನಿಧಾನವಾಗಿ ಹೋಗುವಾಗ ಸಣ್ಣ ಗುಂಡಿಗಳಲ್ಲಿ ಟಕಟಕ ಎನ್ನುವುದು ಬಹುಮಟ್ಟಿಗೆ ಸ್ಟೆಬಿಲೈಸರ್ ಲಿಂಕ್ (ಕಾರು ಓಲಾಡದಂತೆ ತಡೆಯುವ ಸರಳನ್ನು ಜೋಡಿಸುವ ಕೊಂಡಿ), ಮುಂಭಾಗದ ಬಿಡಿಭಾಗಗಳಲ್ಲಿ ಅಗ್ಗದವುಗಳಲ್ಲೊಂದು. ಬ್ರೇಕ್ ಹಾಕಿದಾಗ ಒಮ್ಮೆ ಧಡ್ ಎಂದರೆ ಲೋವರ್ ಆರ್ಮ್ ಬುಷ್ (ಗಾಲಿಯನ್ನು ಹಿಡಿದಿಡುವ ಕೆಳತೋಳಿನ ರಬ್ಬರ್) ನೋಡಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಕಟಕಟ ಎಂದರೆ ಅದು ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್, ಅದರ ರಬ್ಬರ್ ಹೊದಿಕೆ ಹರಿದು ಗ್ರೀಸ್ ಹೊರಬಂದಿರುತ್ತದೆ. ಇಷ್ಟನ್ನು ಹೇಳಲು ನಿಮಗೆ ಬಂದರೆ, ಶಾಕ್ ಅಬ್ಸಾರ್ಬರ್ ಸಮೇತ ಎಲ್ಲವನ್ನೂ ಬದಲಿಸುವ ಪಟ್ಟಿ ನಿಮ್ಮ ಕೈಗೆ ಬರುವುದಿಲ್ಲ.

ಪ್ರಶ್ನೆ: ಹನ್ನೊಂದು ವರ್ಷ, 1,55,000 ಕಿಲೋಮೀಟರ್. ಈಗ ಕ್ಲಚ್ ಹಾಕಿಸಬೇಕು, ಎಸಿಯ ಕಂಡೆನ್ಸರ್ ಸೋರುತ್ತಿದೆ. ರಿಪೇರಿ ಖರ್ಚು ಕಾರಿನ ಮಾರಾಟ ಬೆಲೆಯ ದೊಡ್ಡ ಪಾಲಾಗುತ್ತದೆ. ಮಾರಲೇ, ಇಟ್ಟುಕೊಳ್ಳಲೇ?

ಉತ್ತರ: ರಿಪೇರಿ ಖರ್ಚನ್ನು ಹಳೆಯ ಕಾರಿನ ಬೆಲೆಯೊಂದಿಗೆ ಹೋಲಿಸುವುದು ಎಲ್ಲರೂ ಮಾಡುವ ಲೆಕ್ಕ, ಆದರೆ ಅದು ಸರಿಯಾದ ಲೆಕ್ಕವಲ್ಲ. ಹೊಸ ಕಾರು ಕೊಂಡರೆ ಮೊದಲ ಒಂದೆರಡು ವರ್ಷದಲ್ಲಿ ಅದರ ಬೆಲೆ ಎಷ್ಟು ಇಳಿಯುತ್ತದೆ, ಸಾಲದ ಬಡ್ಡಿ ಮತ್ತು ವಿಮೆ ಎಷ್ಟಾಗುತ್ತವೆ ಎಂಬುದರ ಪಕ್ಕದಲ್ಲಿ ಈ ಖರ್ಚನ್ನು ಇಟ್ಟು ನೋಡಿ. ಕ್ಲಚ್ ಸವೆಯುವ ಭಾಗ. 1,55,000 ಕಿಲೋಮೀಟರಿಗೆ ಅದನ್ನು ಕೇಳುತ್ತಿದ್ದರೆ ಕಾರು ಕೆಟ್ಟಿದೆ ಎಂದಲ್ಲ, ನೀವು ಜೋಪಾನವಾಗಿ ಓಡಿಸಿದ್ದೀರಿ ಎಂದೇ ಅರ್ಥ.

ನಾನು ಕಾರಿನೊಳಗೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಬದಲಾಯಿತು ಎಂಬುದನ್ನು ಮೊದಲ ಸರ್ವಿಸಿನಿಂದಲೂ ಬರೆದಿದ್ದೇನೆ. ಒಂಬತ್ತನೆಯ ವರ್ಷ ಇದೇ ಗೊಂದಲ ನನ್ನನ್ನೂ ಕಾಡಿದಾಗ ಆ ಪುಟಗಳನ್ನು ತಿರುವಿದೆ. ಆ ವರ್ಷದ ಖರ್ಚು ದೊಡ್ಡದಿತ್ತು ನಿಜ, ಆದರೆ ಹಿಂದಿನ ನಾಲ್ಕು ವರ್ಷ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಕಾರನ್ನು ಇಟ್ಟುಕೊಂಡೆ, ಅದಕ್ಕೆ ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ.

ಮಾರಲು ನಾನು ಒಪ್ಪುವ ಕಾರಣಗಳು ಎರಡೇ. ಒಂದು ಸುರಕ್ಷತೆ. ನಿಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲದಿದ್ದರೆ, 1995ರಿಂದ ದುಬಾರಿ ಕಾರುಗಳಲ್ಲಿ ಬಳಕೆಗೆ ಬಂದು ಅಗ್ಗದ ಕಾರುಗಳಿಗೆ ಬಹಳ ತಡವಾಗಿ ಇಳಿದ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ (ಕಾರು ಅಡ್ಡ ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದಿದ್ದರೆ, ಮತ್ತು ನೀವು ಮಕ್ಕಳೊಂದಿಗೆ ಹೆದ್ದಾರಿಯಲ್ಲಿ ಪದೇಪದೇ ಓಡಾಡುವವರಾದರೆ, ಲೆಕ್ಕಪತ್ರ ಬದಿಗಿಟ್ಟು ಕಾರು ಬದಲಾಯಿಸಿ. ಎರಡನೆಯದು ತುಕ್ಕು. ಎಂಜಿನ್, ಕ್ಲಚ್, ಎಸಿ ಎಲ್ಲವನ್ನೂ ಸರಿಪಡಿಸಬಹುದು. ತುಕ್ಕು ತಿಂದ ದೇಹವನ್ನು ಮೊದಲಿನಂತೆ ಮಾಡುವುದು ಸಣ್ಣ ಕಾರಿನ ಮಟ್ಟಿಗೆ ಲಾಭದ ಕೆಲಸವಲ್ಲ.

ಕ್ಲಚ್ಚಿಗೆ ಮುಂಗಡ ಕೊಡುವ ಮೊದಲು ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಬಾಗಿಲುಗಳ ಕೆಳಗಿನ ಉದ್ದನೆಯ ಅಂಚು, ಜಾಕ್ ಕೊಡುವ ಜಾಗಗಳು, ಹಿಂದಿನ ಸ್ಪ್ರಿಂಗ್ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಕಾಣುವ ಗುಳಿ, ಇಷ್ಟನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಸದ್ದು ಟಣ್ ಎಂದು ಬಂದರೆ ಲೋಹ ಗಟ್ಟಿಯಾಗಿದೆ, ಕ್ಲಚ್ಚನ್ನೂ ಕಂಡೆನ್ಸರನ್ನೂ ಹಾಕಿಸಿಕೊಳ್ಳಿ. ಮಂದವಾದ ಸದ್ದು ಬಂದು ಪೊರೆ ಉದುರಿದರೆ ಯಾವ ಖರ್ಚನ್ನೂ ಮಾಡದೆ, ಕೊಳ್ಳುವವರಿಗೆ ಆ ಜಾಗಗಳನ್ನು ತೋರಿಸಿಯೇ ಮಾರಿಬಿಡಿ.